ಎಲ್ಲರೂ ಒಪ್ಪಿದ ತೀರ್ಪು

ಗುರು-ಶಿಷ್ಯರ ಕಥೆ ಎಂದರೆ ಹೊಳೆಯ ದಂಡೆ, ಆಲದ ನೆರಳು ಕಣ್ಣಿಗೆ ಬರುತ್ತದೆ. ಈ ಕಥೆಯಲ್ಲಿ ಎರಡೂ ಇಲ್ಲ. ಇರುವುದು ಮರಳುಗಾಡು, ಉಪ್ಪಿನ ಸಮುದ್ರ, ಅದರ ಹತ್ತಿರ ಒಂದು ಒಂಟಿ ಬಂಡೆ, ಬಂಡೆಯ ನೆತ್ತಿಯ ಮೇಲೊಂದು ಹಳೆಯ ಕೋಟೆ.

ರೋಮಿನ ಚಕ್ರವರ್ತಿಗೆ ತಲೆಬಾಗುವುದಿಲ್ಲ ಎಂದ ಯೆಹೂದ್ಯರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆ ಕೋಟೆ ಹತ್ತಿದ್ದರು. ಅವರ ಯೆರೂಸಲೇಮು ಸುಟ್ಟುಹೋಗಿತ್ತು. ದೇವಾಲಯವೂ ಉಳಿದಿರಲಿಲ್ಲ. ಕೆಳಗೆ ರೋಮಿನ ಸೈನ್ಯ ಬಂಡೆಯ ಸುತ್ತ ಗೋಡೆ ಕಟ್ಟಿಕೊಂಡು ಕಾದು ಕೂತಿತ್ತು.

ಅಂಥ ಕಡೆಯೂ ಒಬ್ಬ ಗುರುಗಳಿದ್ದರು, ಹಿಲ್ಕೀಯ ಎಂದು. ಅವರಿಗೊಬ್ಬ ಶಿಷ್ಯ, ಯಾಕೀಮ.

ಪಾಠ ಕೇಳುವುದರ ಜೊತೆಗೆ ಯಾಕೀಮನಿಗೆ ಇನ್ನೊಂದು ಕೆಲಸವಿತ್ತು. ಶುಕ್ರವಾರ ಹೊತ್ತು ಮುಳುಗಿದರೆ ಸಬ್ಬತ್ತು, ಎಲ್ಲ ಕೆಲಸ ಬಿಟ್ಟು ದೇವರಿಗೆ ಮೀಸಲಿಡುವ ದಿನ. ಅದು ಬರುವ ಮೊದಲು ಅವನು ಕೋಟೆಗೋಡೆಯ ಮೂಲೆಯಲ್ಲಿ ನಿಂತು ಟಗರಿನ ಕೊಂಬನ್ನು ಮೂರು ಸಲ ಊದಬೇಕು.

ಮೊದಲ ಸಲಕ್ಕೆ ಹೊರಗೆ ಹೋದವರು ಹಿಂದಿರುಗಬೇಕು. ಎರಡನೆಯದಕ್ಕೆ ಒಲೆ ಆರಬೇಕು. ಮೂರನೆಯದಕ್ಕೆ ದೀಪ ಹಚ್ಚಬೇಕು.

ಯಾಕೀಮ ಯೆರೂಸಲೇಮಿನ ದಿಕ್ಕಿಗೆ ತಿರುಗಿ, ಕಣ್ಣು ಮುಚ್ಚಿ ಊದುತ್ತಿದ್ದ. ಅಷ್ಟು ಭಕ್ತಿ ಅವನಿಗೆ.

ಹಿಂದಿನ ಶುಕ್ರವಾರ ಅವನ ಅಣ್ಣ ಅಜರ್ಯ ಇನ್ನಿಬ್ಬರ ಜೊತೆ ಆಡುಹಾದಿ ಹಿಡಿದು ಕಣಿವೆಗೆ ಇಳಿದಿದ್ದ. ಒಲೆಗೆ ಕಟ್ಟಿಗೆ ಬೇಕಿತ್ತು. ಬಂಡೆಯ ಸೀಳಿನೊಳಗೆ ಅಡಗಿದ ಆ ಹಾದಿ ರೋಮಿನವರಿಗೆ ತಿಳಿಯದು ಎಂದು ಎಲ್ಲರೂ ನಂಬಿದ್ದರು. ಹಗಲೆಲ್ಲ ಮುಳ್ಳುಪೊದೆಯಲ್ಲಿ ತೆವಳಿ ಕಟ್ಟಿಗೆ ಕೂಡಿಸುವುದು, ಸಂಜೆ ಮೇಲೆ ಬರುವುದು.

ಆ ಸಂಜೆ ಹಾದಿಯ ಬಾಯಲ್ಲೇ ರೋಮಿನವರು ಕಾದಿದ್ದರು. ಮೂವರೂ ಅಲ್ಲೇ ಬಿದ್ದರು.

ಅವರ ಕೂಗು ಕೋಟೆಗೆ ಕೇಳಿಸಿತು. ಮೂರನೆಯ ಸಲ ಊದಲು ಯಾಕೀಮನಿಗೆ ಉಸಿರೇ ಬರಲಿಲ್ಲ.

ಅಂದಿನಿಂದ ಕೋಟೆಯಲ್ಲಿ ಒಂದೇ ಮಾತು. ಆಡುಹಾದಿ ರೋಮಿನವರಿಗೆ ಹೇಗೆ ಗೊತ್ತಾಯಿತು? ಯಾರೋ ಹೇಳಿದ್ದಾರೆ. ಯಾರು?

ಅನುಮಾನಕ್ಕೆ ಮದ್ದಿಲ್ಲ ನೋಡಿ. ಒಂದೇ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದ ಹೆಂಗಸರು ಬೇರೆ ಬೇರೆ ಒಲೆ ಹೂಡಿದರು. ಗಂಡಸರು ಗೋಡೆಯ ಹತ್ತಿರ ಒಬ್ಬೊಬ್ಬರೇ ನಿಲ್ಲುವುದನ್ನು ಬಿಟ್ಟರು, ನೋಡಿದವರು ಏನೆಂದುಕೊಂಡಾರು ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಲ್ಲಿ ಎಲ್ಲರೂ ಹಗಲೂ ರಾತ್ರಿ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದರು.

ಕೊನೆಗೆ ಎಲ್ಲರ ಬೆರಳೂ ಶಾಫಾಟನ ಕಡೆ ತಿರುಗಿತು. ತಿರುಗುವುದು ಸುಲಭವೂ ಆಗಿತ್ತು. ಅವನು ಪಾರಿವಾಳ ಸಾಕುವವನು. ಎಲ್ಲರಿಗಿಂತ ತಡವಾಗಿ ಕೋಟೆಗೆ ಬಂದವನು. ಹಿಂದೆ ಯೆರಿಕೋವಿನ ಅರಮನೆಯಲ್ಲಿ ಹಕ್ಕಿ ನೋಡಿಕೊಂಡಿದ್ದವನು. ಯಾರಿಗೂ ನೆಂಟನಲ್ಲ.

ಬುಧವಾರ ಹಿರಿಯರ ಸಭೆ ಸೇರಿತು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಲಿ ಎಂದು ಅವರು ಅರ್ಧಚಂದ್ರದಂತೆ ಕೂರುವುದು ವಾಡಿಕೆ. ಅಂದು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಡುವೆ ಹಿಲ್ಕೀಯ ಕೂತರು. ಎದುರಿಗೆ ನೆಲದ ಮೇಲೆ ಶಿಷ್ಯರ ಸಾಲು.

ಕಾವಲಿನ ನಾಯಕ ಬೆನಾಯ ಒಂದು ಸತ್ತ ಪಾರಿವಾಳವನ್ನು ತಂದು ಎಲ್ಲರ ಮುಂದೆ ಇಟ್ಟ. ಅದರ ಗಂಟಲು ಸೀಳಿತ್ತು. ಒಳಗೆ ಗೋಧಿ ಕಾಳು.

"ನಾವು ತಿನ್ನೋದು ಬಾರ್ಲಿ," ಎಂದ. "ಗೋಧಿ ಇರೋದು ರೋಮಿನವರ ಹತ್ತಿರ. ಇವನ ಹಕ್ಕಿಗೆ ಅವರು ಯಾಕೆ ಊಟ ಹಾಕ್ತಾರೆ?"

ಕೈ ಕಟ್ಟಿಸಿಕೊಂಡು ನಿಂತಿದ್ದ ಶಾಫಾಟ ಹೇಳಿದ: "ಹಕ್ಕಿಗೆ ಹೊಟ್ಟೆ ಇದೆ ಅಯ್ಯಾ. ಕಾಳು ಎಲ್ಲಿ ಚೆಲ್ಲಿದ್ರೆ ಅಲ್ಲಿಗೆ ಇಳಿಯುತ್ತೆ. ಅದಕ್ಕೆ ರೋಮೂ ಗೊತ್ತಿಲ್ಲ, ಯೆರೂಸಲೇಮೂ ಗೊತ್ತಿಲ್ಲ."

"ದಿನಾ ಸಂಜೆ ಗೋಪುರದ ಮೇಲೆ ನಿಂತು ಬಟ್ಟೆ ಬೀಸ್ತೀಯಲ್ಲ, ಯಾರಿಗೆ?"

"ಹಕ್ಕಿಗಳನ್ನ ಗೂಡಿಗೆ ಕರೀಬೇಕಲ್ಲ?"

"ಕಳೆದ ಶುಕ್ರವಾರ?"

"ಶುಕ್ರವಾರ ನಾನು ಕರೆಯೋದಕ್ಕೆ ಮುಂಚೆಯೇ ಎದ್ದವು. ಆಡುಹಾದಿಯ ಬಂಡೆಗಳ ಮೇಲಿದ್ದವೆಲ್ಲ ಒಟ್ಟಿಗೆ..."

"ಕೇಳಿದಿರಾ?" ಬೆನಾಯ ಕೂಗಿದ. "ಆಡುಹಾದಿ ಅಂತ ಅವನ ಬಾಯಲ್ಲೇ ಬಂತು!"

"ನಾನು ಹೇಳೋದನ್ನ ಪೂರ್ತಿ ಕೇಳಿ..."

ಒಬ್ಬ ಹಿರಿಯ ಕೈ ಎತ್ತಿ ತಡೆದ. "ಪಾರಿವಾಳ ಹಾರಿಸುವವನು ಜೂಜುಗಾರನಿಗೆ ಸಮ, ಅವನ ಮಾತು ಸಾಕ್ಷಿಗೆ ಸಲ್ಲುವುದಿಲ್ಲ. ಹಿಂದಿನಿಂದ ಬಂದ ಕಟ್ಟಳೆ."



ಶಿಷ್ಯರ ಸಾಲಿನಿಂದ ಯಾಕೀಮ ಎದ್ದು ನಿಂತ. ಅತ್ತು ಅತ್ತು ಅವನ ಕಣ್ಣು ಬಾತಿತ್ತು. "ಗುರುಗಳೇ, ನಾನೊಂದು ಮಾತು ಹೇಳಬೇಕು."

"ಇವನ ಪರವಾಗಿಯೋ, ವಿರುದ್ಧವಾಗಿಯೋ?"

"ವಿರುದ್ಧವಾಗಿ."

"ಹಾಗಾದರೆ ಕೂತುಕೋ. ಆರೋಪಿಯ ಪರವಾಗಿ ಹೇಳುವುದಿದ್ದರೆ ಶಿಷ್ಯನಿಗೂ ಮೇಲೆ ಹಿರಿಯರ ಸಾಲಿನಲ್ಲಿ ಜಾಗವಿದೆ. ವಿರುದ್ಧವಾಗಿ ಹೇಳಲು ನಾವೇ ಸಾಕಷ್ಟು ಜನ ಇದ್ದೇವೆ."

ಯಾಕೀಮ ಕೂತ. ಮೈಯೆಲ್ಲ ಉರಿಯುತ್ತಿತ್ತು.

ಹಿರಿಯರು ಒಬ್ಬೊಬ್ಬರಾಗಿ ತೀರ್ಪು ಹೇಳಿದರು. ಅಪರಾಧಿ. ಅಪರಾಧಿ. ಸಾಲಿನ ಕೊನೆಯವರೆಗೂ ಅದೇ. ಎಲ್ಲರ ನಂತರ ಹಿಲ್ಕೀಯ.

"ಅಪರಾಧಿ," ಎಂದರು ಅವರೂ.

ಬೆನಾಯ ಶಾಫಾಟನ ತೋಳು ಹಿಡಿದ. ಬಂಡೆಯ ಅಂಚು ದೂರವಿರಲಿಲ್ಲ.

"ಬಿಡು ಅವನನ್ನು," ಎಂದರು ಹಿಲ್ಕೀಯ. "ಸಾವಿನ ಶಿಕ್ಷೆಗೆ ಎಲ್ಲರೂ ಒಪ್ಪಿದರೆ ಶಿಕ್ಷೆ ನಡೆಯುವುದಿಲ್ಲ. ಆರೋಪಿಯನ್ನು ಬಿಡಬೇಕು. ಅದೂ ಹಿಂದಿನಿಂದ ಬಂದ ಕಟ್ಟಳೆಯೇ."

ಸಭೆ ದಂಗಾಯಿತು. ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ಯಾರಿಗೂ ನೆನಪಾಗಿರಲಿಲ್ಲ ಅಷ್ಟೆ.

"ನಾಳೆ ಸಂಜೆಯವರೆಗೆ ಸಭೆ ಮುಗಿದಂತಲ್ಲ," ಎಂದರು ಗುರುಗಳು. "ಅಷ್ಟರಲ್ಲಿ ಇವನ ಪರವಾಗಿ ಒಬ್ಬನಾದರೂ ಎದ್ದು ಮಾತಾಡಿದರೆ, ಆಗ ಹೆಚ್ಚು ಜನರ ತೀರ್ಪು ನಡೆಯುತ್ತದೆ. ಯಾರೂ ಏಳದಿದ್ದರೆ ಇವನಿಗೆ ಬಿಡುಗಡೆ. ಅಲ್ಲಿಯವರೆಗೆ ಗೋಪುರದಲ್ಲಿ ಕಟ್ಟಿಹಾಕಿ."

ಸಭೆ ಚದುರಿದ ಮೇಲೆ ಯಾಕೀಮ ಗುರುಗಳ ಹಿಂದೆಯೇ ಹೋದ.

"ನೀವು ಅವನನ್ನು ಉಳಿಸುತ್ತಿದ್ದೀರಿ," ಎಂದ.

"ಕಟ್ಟಳೆ ಹೇಳಿದೆ."

"ಅವನು ನಿಮಗೆ ಪಾರಿವಾಳದ ಮೊಟ್ಟೆ ಕೊಟ್ಟಿದ್ದನ್ನು ನಾನು ನೋಡಿದ್ದೇನೆ."

"ಕೊಟ್ಟಿದ್ದ," ಎಂದರು ಹಿಲ್ಕೀಯ. "ನಿನಗೆ ಜ್ವರ ಬಂದಿತ್ತಲ್ಲ, ಬೇಯಿಸಿ ನಿನಗೇ ತಿನ್ನಿಸಿದೆ. ಆಗ ಎಲ್ಲಿಂದ ಬಂತು ಅಂತ ನೀನು ಕೇಳಲಿಲ್ಲ."

ಯಾಕೀಮನಿಗೆ ನಾಚಿಕೆಯಾಯಿತು. ಆದರೆ ಗುಮಾನಿ ಹೋಗಲಿಲ್ಲ. ಕಾಮಾಲೆ ಕಣ್ಣಿಗೆ ಗುರುವೂ ಹಳದಿಯೇ.

ಬೆನಾಯ ಅವನಿಗಾಗಿ ನೀರಿನ ತೊಟ್ಟಿಯ ಹತ್ತಿರ ಕಾಯುತ್ತಿದ್ದ.

"ಮುದುಕ ನಮ್ಮನ್ನ ಕಟ್ಟಿಹಾಕಿದ. ಆದ್ರೆ ಗಂಟು ಬಿಚ್ಚೋದು ಸುಲಭ," ಎಂದ. "ಯಾರಾದ್ರೂ ಒಬ್ರು ಎದ್ದು ಶಾಫಾಟನ ಪರವಾಗಿ ಒಂದು ಪೊಳ್ಳು ಮಾತು ಆಡಿದ್ರೆ ಸಾಕು. ಎಲ್ಲರೂ ಒಪ್ಪಿದ್ದು ಅಂತ ಆಗೋದಿಲ್ಲ. ಉಳಿದವರ ತೀರ್ಪಿನಂತೆ ಅವನನ್ನ ತಳ್ಳಬಹುದು."

"ಹಿರಿಯರಲ್ಲಿ ಯಾರನ್ನಾದರೂ ಕೇಳು."

"ಕೇಳಿದೆ. ಒಬ್ರೂ ಒಪ್ಪಲ್ಲ. ಇವತ್ತು ಅವನ ಪರ ಮಾತಾಡಿದವನ ಮೇಲೆ ನಾಳೆ ಎಲ್ಲರ ಗುಮಾನಿ. ಅಂಥ ಧೈರ್ಯ ಯಾರಿಗಿದೆ?" ಬೆನಾಯ ದನಿ ತಗ್ಗಿಸಿದ. "ನೀನು ಹೇಳಿದ್ರೆ ಮಾತ್ರ ಯಾರೂ ಅನುಮಾನಿಸಲ್ಲ. ಸತ್ತವನು ನಿನ್ನ ಅಣ್ಣ."

"ಏನು ಹೇಳಲಿ?"

"ತಾಯಿಗೆ ಒಬ್ಬನೇ ಮಗ ಅನ್ನು. ಏನಾದ್ರೂ ಅನ್ನು. ನಾಡಿದ್ದು ನನ್ನ ಮಗನೂ ಕಟ್ಟಿಗೆಗೆ ಇಳೀತಾನೆ, ಆಡುಹಾದಿ ಬಿಟ್ಟು ಆಚೆ ಸೀಳಿನಿಂದ. ಅಷ್ಟರೊಳಗೆ ಈ ಹಾವು ಸಾಯಬೇಕು ಯಾಕೀಮ."

ಯಾಕೀಮ ಒಪ್ಪಿದ. ಸಂತೋಷದಿಂದಲೇ ಒಪ್ಪಿದ.

ಆದರೆ ಹುಡುಗ ಪಾಠ ಚೆನ್ನಾಗಿ ಕಲಿತಿದ್ದ, ಅದೇ ತೊಂದರೆ. ಪೊಳ್ಳು ಮಾತಾದರೂ ನಿಜವಾದ ಪೊಳ್ಳು ಮಾತಾಗಿರಬೇಕಲ್ಲ? ಶಾಫಾಟನಿಗೆ ತಾಯಿ ಇದ್ದಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಕೇಳಲು ಗೋಪುರಕ್ಕೆ ಹೋದ.

ಗೋಪುರದ ಒಳಗೋಡೆಯ ತುಂಬ ಸಣ್ಣ ಸಣ್ಣ ಗೂಡು. ಗೂಡುಗಳ ಕೆಳಗೆ ಶಾಫಾಟ ಕೈಕಾಲು ಕಟ್ಟಿಸಿಕೊಂಡು ಕೂತಿದ್ದ. ತಲೆಯ ಮೇಲೆಲ್ಲ ಹಿಕ್ಕೆ.

"ನಿನಗೆ ತಾಯಿ ಇದ್ದಾಳಾ?"

"ಇಲ್ಲ. ಯಾಕೆ?"

"ನಿನ್ನ ಪರವಾಗಿ ಒಂದು ಮಾತು ಬೇಕು. ನಿನ್ನನ್ನು ಉಳಿಸೋದಕ್ಕೆ."

ಶಾಫಾಟ ಅವನನ್ನು ದಿಟ್ಟಿಸಿದ. "ಉಳಿಸೋ ಮುಖ ಅಲ್ಲ ನಿಂದು."

ಯಾಕೀಮ ಹೊರಡಲು ತಿರುಗಿದ.

"ಆದ್ರೂ ಕೇಳಿದೆಯಲ್ಲ," ಎಂದ ಶಾಫಾಟ. "ಕೇಳಿದವನು ನೀನೊಬ್ಬನೇ. ಹೇಳ್ತೀನಿ. ಸಾಯಂಕಾಲ ನನ್ನ ಹಕ್ಕಿಗಳು ಕೆಳಗಿನ ಬಂಡೆಗಳ ಮೇಲೆ ಬಿಸಿಲು ಕಾಯಿಸ್ತವೆ. ನಾನು ಬಟ್ಟೆ ಬೀಸೋವರೆಗೂ ಕದಲಲ್ಲ. ಶುಕ್ರವಾರ ಮಾತ್ರ, ಈಚೆಗೆ ಕೆಲವು ವಾರಗಳಿಂದ, ನೀನು ಮೊದಲ ಕೊಂಬು ಊದಿದ ಮೇಲೆ ಒಮ್ಮೆಗೇ ಏಳ್ತವೆ."

"ಕೊಂಬಿಗೆ ಹೆದರಿರಬೇಕು."

"ನಾನೂ ಹಾಗೇ ಅಂದುಕೊಂಡೆ. ಆದ್ರೆ ಕೊಂಬು ಊದೋದು ಇಲ್ಲಿ, ಗೋಪುರದ ಪಕ್ಕ. ಇಲ್ಲಿ ಗೂಡಲ್ಲಿರೋ ಹಕ್ಕಿ ರೆಕ್ಕೆ ಕೂಡ ಬಡಿಯಲ್ಲ. ದೂರ ಕೆಳಗಿರೋದು ಯಾಕೆ ಹೆದರಬೇಕು? ಕಳೆದ ವಾರ ಬಗ್ಗಿ ನೋಡಿದೆ."

"ಏನು ಕಂಡಿತು?"

"ಕೊಂಬು ಕೇಳಿದ ಕೂಡಲೇ ರೋಮಿನವರು ಬಂದು ಬಂಡೆಗಳ ಸಂದೀಲಿ ಅವಿತು ಕೂರ್ತಾರೆ. ಹಕ್ಕಿ ಏಳೋದು ಅವರಿಗೆ ಹೆದರಿ. ನನಗೆ ಅರ್ಥ ಆಗೋ ಹೊತ್ತಿಗೆ ಮೂವರೂ ಬಿದ್ದಿದ್ರು. ಹಗಲೆಲ್ಲ ಪೊದೆಯೊಳಗಿದ್ದ ನಮ್ಮವರು ಎಲ್ಲಿದ್ದರೂ ಎದ್ದು ಓಡೋದು ಆಗಲೇ ಅಲ್ವಾ? ಯಾವ ಕಡೆ ಓಡ್ತಾರೆ ಅಂತ ವಾರ ವಾರ ನೋಡಿಕೊಂಡ್ರೆ ಹಾದಿ ತಾನೇ ಗೊತ್ತಾಗುತ್ತೆ. ಅವರಿಗೆ ಗೂಢಚಾರ ಯಾಕೆ ಬೇಕು?"

"ಕಾವಲಿನವರಿಗೆ ಯಾಕೆ ಕಾಣಲಿಲ್ಲ?"

"ಮೊದಲ ಕೊಂಬಿಗೆ ಅವರೂ ಸಬ್ಬತ್ತಿನ ಸ್ನಾನಕ್ಕೆ ಇಳೀತಾರೆ. ಗೋಡೆಯ ಮೇಲೆ ಉಳಿಯೋನು ನೀನೊಬ್ಬ. ನೀನು ಕಣ್ಣು ಮುಚ್ಚಿರ್ತೀಯ."

ಯಾಕೀಮ ಗೋಡೆ ಹಿಡಿದುಕೊಂಡ.

"ಇದನ್ನು ನೀನು ಮೊದಲೇ ಯಾಕೆ ಹೇಳಲಿಲ್ಲ?"

"ಹೇಳೋಕೆ ಶುರು ಮಾಡಿದ್ದೆ," ಎಂದ ಶಾಫಾಟ. "ನೀನೂ ಅಲ್ಲೇ ಇದ್ದೆಯಲ್ಲ."

ಯಾಕೀಮ ಹೊರಗೆ ಬಂದ. ಅಣ್ಣನ ಕೊಲೆಗಾರನನ್ನು ಹುಡುಕಿ ಹೊರಟವನು ತನ್ನ ಕೈಯ ಕೊಂಬಿನ ಮುಂದೆ ಬಂದು ನಿಂತಿದ್ದ.

ಅವನ ತಲೆಯಲ್ಲಿ ಬಂದ ಯೋಚನೆಗಳು ಅಷ್ಟೇನೂ ಚೆಂದದವಲ್ಲ. ಬೆನಾಯ ಹೇಳಿಕೊಟ್ಟ ಪೊಳ್ಳು ಮಾತು ಆಡಿದರೆ ಶಾಫಾಟ ಸಾಯುತ್ತಾನೆ, ಕೊಂಬಿನ ಗುಟ್ಟು ಅವನ ಜೊತೆಯೇ ಹೋಗುತ್ತದೆ. ಏನೂ ಮಾತಾಡದಿದ್ದರೆ ಶಾಫಾಟ ಬದುಕುತ್ತಾನೆ, ಆಗಲೂ ಗುಟ್ಟು ಉಳಿಯುತ್ತದೆ. ಎರಡರಲ್ಲೂ ತನ್ನ ಹೆಸರು ಹೊರಗೆ ಬರುವುದಿಲ್ಲ.

ಗುರುಗಳು ನೆರಳಿನಲ್ಲಿ ಕೂತು ಹರಿದ ಚಪ್ಪಲಿ ಹೊಲಿಯುತ್ತಿದ್ದರು.

"ಗುರುಗಳೇ, ಸುಮ್ಮನಿದ್ದರೂ ಒಬ್ಬನ ಜೀವ ಉಳಿಯುವುದಾದರೆ, ಸುಮ್ಮನಿರಬಹುದಾ?"

ಹಿಲ್ಕೀಯ ತಲೆ ಎತ್ತಲಿಲ್ಲ. "ನಾಳೆ ಕಟ್ಟಿಗೆಗೆ ಯಾರು ಇಳಿಯುತ್ತಾರೆ?" ಎಂದು ಕೇಳಿದರು. ಊರ ಸುದ್ದಿ ವಿಚಾರಿಸಿದಂತೆ ಇತ್ತು ಆ ಪ್ರಶ್ನೆ.

ಯಾಕೀಮ ಅಲ್ಲಿಂದ ಹೊರಟ.

ಸಂಜೆ ಸಭೆ ಮತ್ತೆ ಸೇರಿತು. ಶಾಫಾಟನನ್ನು ತಂದು ನಿಲ್ಲಿಸಿದರು.

"ಇವನ ಪರವಾಗಿ ಮಾತು ಇರುವವರು ಯಾರಾದರೂ ಇದ್ದೀರಾ?"

ಹಿರಿಯರು ಕದಲಲಿಲ್ಲ. ಯಾಕೀಮ ಎದ್ದ.

"ನನ್ನದೊಂದು ಮಾತಿದೆ."

ಕಟ್ಟಳೆಯಂತೆ ಅವನನ್ನು ಕರೆದು ಹಿರಿಯರ ಸಾಲಿನಲ್ಲಿ ಕೂರಿಸಿದರು. ಸತ್ತವನ ತಮ್ಮ ಹೀಗೆ ಎದ್ದದ್ದಕ್ಕೆ ಜನ ಪಿಸುಗುಟ್ಟಿದರು. ಬೆನಾಯ ಮಾತ್ರ ತಣ್ಣಗೆ ಆಕಾಶ ನೋಡುತ್ತಿದ್ದ.

"ಹೇಳು," ಎಂದರು ಗುರುಗಳು.

"ನನ್ನ ಮಾತು ಬಾಯಲ್ಲಿಲ್ಲ." ಯಾಕೀಮ ಗೋಡೆಯ ಕಡೆ ಕೈ ತೋರಿಸಿದ. "ಎಲ್ಲರೂ ಗೋಡೆಯ ಹತ್ತಿರ ಬನ್ನಿ. ತಲೆ ತಗ್ಗಿಸಿ ಕೆಳಗೆ ನೋಡಿ. ನಾನು ಒಂದು ಸಲ ಕೊಂಬು ಊದಬೇಕು."

"ಇವತ್ತು ಗುರುವಾರ!" ಒಬ್ಬ ಹಿರಿಯ ಸಿಟ್ಟಾದ. "ಸಬ್ಬತ್ತಿನ ಕೊಂಬು ಆಟದ ಸಾಮಾನಾ?"

"ರೋಮಿನವರು ವಾರ ಎಣಿಸೋದಿಲ್ಲ ಅಯ್ಯಾ. ಕೊಂಬು ಕೇಳ್ತಾರೆ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಎಲ್ಲರೂ ಹಿಲ್ಕೀಯರ ಕಡೆ ನೋಡಿದರು.

ಗುರುಗಳು ಎದ್ದರು. ಮೂಲೆಯಲ್ಲಿ ತೂಗುಹಾಕಿದ್ದ ಕೊಂಬು ತಂದರು. ಅದರ ಬಾಯನ್ನು ತಮ್ಮ ಮೇಲುಹೊದಿಕೆಯ ಸೆರಗಿನಿಂದ ಒರೆಸಿ ಶಿಷ್ಯನ ಕೈಗೆ ಕೊಟ್ಟರು.

ಯಾಕೀಮ ಊದಿದ. ಈ ಸಲ ಕಣ್ಣು ಮುಚ್ಚಲಿಲ್ಲ.

ಕೆಳಗೆ ಏನೂ ಆಗಲಿಲ್ಲ. ಪಾರಿವಾಳಗಳು ಬಂಡೆಗಳ ಮೇಲೆ ಹಾಗೆಯೇ ಕೂತಿದ್ದವು. ಯಾರೋ ಕಿಸಕ್ಕನೆ ನಕ್ಕರು.

"ಇದೇನಾ ನಿನ್ನ ಮಾತು?" ಎಂದ ಬೆನಾಯ ಹಲ್ಲು ಕಚ್ಚಿ.

ಆಗ ಆಡುಹಾದಿಯ ಕಡೆ ಪಾರಿವಾಳಗಳು ಒಟ್ಟಿಗೆ ಎದ್ದವು.

ಅವುಗಳ ಕೆಳಗೆ ಶಿರಸ್ತ್ರಾಣಗಳು ಹೊಳೆದವು. ರೋಮಿನ ಸೈನಿಕರು ಬೆನ್ನು ಬಗ್ಗಿಸಿ ಓಡಿ ಬಂದು ಹಾದಿಯ ಬಾಯಲ್ಲಿ ಅವಿತರು, ಅಜರ್ಯ ಬಿದ್ದ ಜಾಗದಲ್ಲೇ. ಯಾರೋ ಓಡಿ ಬರುತ್ತಾರೆಂದು ಕಾದು ಕೂತರು.

ತುಸು ಹೊತ್ತಿಗೆ ಇನ್ನೊಂದು ಗುಂಪು ಪಾರಿವಾಳ ಎದ್ದಿತು. ಆಚೆ ಸೀಳಿನಿಂದ. ಬೆನಾಯನ ಮಗ ಮರುದಿನ ಹತ್ತಿ ಬರಬೇಕಿದ್ದ ದಾರಿ ಅದು.

ಬೆನಾಯ ಗೋಡೆಗೆ ಒರಗಿ ಕೂತುಬಿಟ್ಟ. ಆಮೇಲೆ ಎದ್ದು, ಯಾರ ಅಪ್ಪಣೆಗೂ ಕಾಯದೆ ಶಾಫಾಟನ ಕೈಯ ಹಗ್ಗ ಬಿಚ್ಚಿದ.

ಶಾಫಾಟ ಬಾವು ಬಂದ ಮಣಿಕಟ್ಟು ತಿಕ್ಕಿಕೊಳ್ಳುತ್ತ ಗೋಪುರ ಹತ್ತಿ ಬಟ್ಟೆ ಬೀಸತೊಡಗಿದ. ಹಕ್ಕಿಗಳು ಮನೆಗೆ ಬರಬೇಕಲ್ಲ.

ಹಿರಿಯರು ಒಬ್ಬೊಬ್ಬರಾಗಿ ಇಳಿದು ಹೋದರು. ಗೋಡೆಯ ಮೂಲೆಯಲ್ಲಿ ಯಾಕೀಮ ಮಂಡಿಯೂರಿ ಅಳುತ್ತಿದ್ದ. ಗುರುಗಳು ಬಂದು ಪಕ್ಕದಲ್ಲಿ ಕೂತರು.

"ನನ್ನ ಕೊಂಬು ಕೇಳಿ ಅಣ್ಣ ಎದ್ದು ಓಡಿದ," ಎಂದ ಯಾಕೀಮ. "ನಿಮಗೆ ಇದು ಗೊತ್ತಿತ್ತಾ?"

"ಇಲ್ಲ. ಶಾಫಾಟನೇ ಅಂತ ನಾನೂ ನಂಬಿದ್ದೆ. ನನ್ನ ಬಾಯಿಂದಲೂ ಅದೇ ತೀರ್ಪು ಬಂತಲ್ಲ."

"ಮತ್ತೆ ಯಾಕೆ ತಡೆದಿರಿ?"

"ಇಷ್ಟು ಜನರಲ್ಲಿ ಒಬ್ಬನೂ ಬೇರೆ ಕಡೆ ನೋಡಿಲ್ಲವಲ್ಲ ಅಂತ ಭಯವಾಯಿತು."

ಕೆಳಗೆ ಸೈನಿಕರು ಕಾದು ಕಾದು ಬೇಸತ್ತು ಪಾಳೆಯಕ್ಕೆ ಮರಳುತ್ತಿದ್ದರು.

"ನನ್ನನ್ನು ವಿಚಾರಣೆ ಮಾಡಿ ಗುರುಗಳೇ," ಎಂದ ಯಾಕೀಮ. "ನಾಳೆಯೇ ಸಭೆ ಕರೆಯಿರಿ. ಮೂರು ಜನರ ಜೀವ ತೆಗೆದವನು ನಾನು."

"ವಿಚಾರಣೆ ಆಗಲೇ ನಡೆದಂತಿದೆ. ತೀರ್ಪು ಕೊಟ್ಟವರು ಯಾರು?"

"ನಾನೇ."

"ನಿನ್ನ ಸಭೆಯಲ್ಲಿ ಬೇರೆ ಯಾರಿದ್ದಾರೆ?"

"ಯಾರೂ ಇಲ್ಲ. ನಾನೊಬ್ಬನೇ."

"ನಿನ್ನ ಪರವಾಗಿ ಯಾರಾದರೂ ಒಂದು ಮಾತು ಆಡಿದರಾ?"

"ಆಡಲಿಲ್ಲ. ಆಡಲು ಏನಿದೆ? ನಾನು ಅಪರಾಧಿ."

ಹಿಲ್ಕೀಯ ನೆಲದ ಮೇಲೆ ಬಿದ್ದಿದ್ದ ಕೊಂಬನ್ನು ಎತ್ತಿಕೊಂಡರು. ಮಣ್ಣು ಒರೆಸಿ ಹೆಗಲಿಗೆ ಹಾಕಿಕೊಂಡರು. ಇನ್ನೊಂದು ಕೈಯನ್ನು ಶಿಷ್ಯನ ಕಡೆ ಚಾಚಿದರು.

"ಏಳು. ಎಲ್ಲರೂ ಒಪ್ಪಿದ ತೀರ್ಪು ಅದು. ನಿನ್ನನ್ನು ಬಿಡಬೇಕು."